ಶೀನಣ್ಣನ ಹಳದಿ ಬೆಳಕು

ಒಂದೇ ಬಾಣಲೆಯಿಂದ ತೆಗೆದ ಶೀರಾವನ್ನು ಎರಡು ತಟ್ಟೆಗೆ ಹಾಕಿ, ಒಂದನ್ನು ಹಳದಿ ಬಲ್ಬಿನ ಕೆಳಗೂ ಇನ್ನೊಂದನ್ನು ಆಗಷ್ಟೇ ಹೊತ್ತಿಸಿದ ಟ್ಯೂಬ್‌ಲೈಟಿನ ಕೆಳಗೂ ಇಟ್ಟು, ಶೀನಣ್ಣ ಹಿಂದೆ ಸರಿದು ಕೈಕಟ್ಟಿ ನಿಂತ. ಟ್ಯೂಬ್‌ಲೈಟ್ ಮಾರಲು ಬಂದಿದ್ದ ಬಾಂದ್ರಾದ ಇಲೆಕ್ಟ್ರಿಕ್ ಅಂಗಡಿಯ ಸೇಲ್ಸ್‌ಮನ್ ಇನ್ನೂ ಏಣಿಯಿಂದ ಇಳಿದಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಭಟ್ಟ ಗಿರಿಯಣ್ಣ ಸೌಟು ಹಿಡಿದು ನಿಂತಿದ್ದ. ಮೂಲೆಯ ಮೇಜಿನಲ್ಲಿ ನಾನು. ನನ್ನೆದುರು ಪಕ್ಕದ ಫ್ಯಾಕ್ಟರಿಯಲ್ಲಿ ಡ್ಯೂಟಿ ಮುಗಿಸಿ ಬಂದ ಫಿಟ್ಟರುಗಳು. ಯಾವುದು ಬೇಕೋ ತೆಗೆದುಕೊಳ್ಳಿ, ಇವತ್ತು ಧರ್ಮಕ್ಕೆ ಎಂದು ಶೀನಣ್ಣ ಎಲ್ಲರನ್ನೂ ಕರೆದ. ಕೈಗಳೆಲ್ಲ ಬಲ್ಬಿನ ಕೆಳಗಿನ ತಟ್ಟೆಗೇ ಹೋದವು. ಕೊನೆಗೆ ಉಳಿದ ಫಿಟ್ಟರ್ ಒಬ್ಬ ಟ್ಯೂಬ್‌ಲೈಟಿನ ತಟ್ಟೆಯನ್ನು ಬಗ್ಗಿ ನೋಡಿ, ಇದು ನಿನ್ನೆಯದೋ ಎಂದು ಕೇಳಿದ.

ಸೇಲ್ಸ್‌ಮನ್ ಏಣಿಯ ಮೇಲಿನಿಂದಲೇ, ಸೇಠ್, ಎರಡೂ ಒಂದೇ ಅಲ್ಲವೇ ಎಂದು ಗೊಣಗಿದ. ಶೀನಣ್ಣ ತನ್ನ ಉಡುಪಿಯ ಹಿಂದಿಯಲ್ಲಿ ಅವನನ್ನು ಸಮಾಧಾನ ಮಾಡಿದ: "ಭಾಯ್, ತುಮಾರಾ ಲೈಟ್ ಖರಾಬ್ ನಹೀ. ಹಮಾರಾ ಶೀರಾಕೋ ವೋ ಪಸಂದ್ ನಹೀ, ಬಸ್."

ಬಾಗಿಲಿನಿಂದ ಗಿರಿಯಣ್ಣ, "ಬೆವರು ಸುರಿಸಿ ಮಗುಚುವುದು ನಾನು. ಹೆಸರು ಬಲ್ಬಿಗೆ" ಎಂದ.

ಅಂಧೇರಿ ಸ್ಟೇಷನ್ನಿನ ಪೂರ್ವ ಬದಿಯ ಒಂದು ಓಣಿಯಲ್ಲಿತ್ತು ಆ ಹೋಟೆಲು. ನಾನಾಗ ಸರಕು ಕಳಿಸುವ ಒಂದು ಫಾರ್ವರ್ಡಿಂಗ್ ಆಫೀಸಿನಲ್ಲಿ ಗುಮಾಸ್ತ. ಮೇಲಿನ ಮಾಳಿಗೆಯ ಕೋಣೆಯಲ್ಲಿ ನನ್ನ ವಾಸ, ಕೆಳಗೆ ಎರಡು ಹೊತ್ತಿನ ಊಟ. ಶೀನಣ್ಣ ನನ್ನನ್ನು 'ಕ್ಲಾರ್ಕ್ ಮಾರಾಯ್ರು' ಎಂದು ಕರೆಯುತ್ತಿದ್ದ. ಕೋಪ ಬಂದಾಗ 'ಮಾರಾಯ್ರು' ಬಿಟ್ಟುಹೋಗಿ 'ಕ್ಲಾರ್ಕ್' ಮಾತ್ರ ಉಳಿಯುತ್ತಿತ್ತು. ಅವನೂ ಗಿರಿಯಣ್ಣನೂ ಉಡುಪಿಯ ಹತ್ತಿರದ ಒಂದೇ ಊರಿನವರು, ಒಂದೇ ಹಡಗಿನಲ್ಲಿ ಬಂದು ಫೋರ್ಟಿನ ಕಡೆಯ ಯಾವುದೋ ಹೋಟೆಲಿನಲ್ಲಿ ಒಂದೇ ತೊಟ್ಟಿಯಲ್ಲಿ ತಟ್ಟೆ ತೊಳೆದವರು. ಆಮೇಲೆ ಇಬ್ಬರೂ ಸೇರಿ ಈ ಜಾಗ ಹಿಡಿದರು. ಮಾತು ಬಲ್ಲ ಶೀನಣ್ಣ ದುಡ್ಡಿನ ಗಲ್ಲಕ್ಕೆ ಕುಳಿತ, ಕೈ ಬಲ್ಲ ಗಿರಿಯಣ್ಣ ಒಲೆಗೆ ನಿಂತ. ಅವರಿಬ್ಬರೂ ಒಂದು ದಿನವೂ ಪ್ರೀತಿಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಉಣ್ಣುತ್ತಿರಲಿಲ್ಲ ಎಂಬುದನ್ನು ಮಾತ್ರ ನೋಡಿದ್ದೇನೆ.

ಶೀನಣ್ಣನಿಗೆ ಬೆಳಕಿನ ಈ ಮರುಳು ಹತ್ತಿದ್ದು ಯಕ್ಷಗಾನದ ಮೇಳದಲ್ಲಿ. ಅವನ ಸೋದರಮಾವ ಬಣ್ಣದ ವೇಷದವರು, ರಾಕ್ಷಸ ಪಾತ್ರಗಳವರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಮಾವನ ಮುಖ ಕಂಡು ಮಕ್ಕಳು ಅಮ್ಮಂದಿರ ಸೆರಗಿನಲ್ಲಿ ಅಡಗುತ್ತಿದ್ದರಂತೆ. ಮುಂದೆ ಡೇರೆಗೆ ಟ್ಯೂಬ್‌ಲೈಟ್ ಬಂತು. ಅದೇ ಮಾವ, ಅದೇ ಬಣ್ಣ, ಅದೇ ಆರ್ಭಟ. ಆದರೆ ಕೆಂಪೆಲ್ಲ ಸತ್ತು, ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಕಂಡಿತು. ಮಕ್ಕಳು ನಕ್ಕರು. ಮಾವ ಆ ವರ್ಷವೇ ಗೆಜ್ಜೆ ಬಿಚ್ಚಿದರು. ಈ ಕತೆಯನ್ನು ಶೀನಣ್ಣ ಎಷ್ಟು ಸಲ ಹೇಳಿದನೋ, ಪ್ರತಿ ಸಲವೂ ಕೊನೆಗೆ ಒಂದೇ ಮಾತು: "ಟ್ಯೂಬ್‌ಲೈಟ್ ಎಂದರೆ ಬೆಳಕಲ್ಲ ಮಾರಾಯ್ರೆ, ಅದು ತನಿಖೆ. ಊಟಕ್ಕೆ ಕೂತವನನ್ನು ಯಾರಾದರೂ ತನಿಖೆ ಮಾಡುವುದುಂಟಾ?"

ಬೆಳಗ್ಗೆ ದೇವರ ಪಟಕ್ಕೆ ಹೂ ಇಡುವ ಮೊದಲು ಅವನು ಬಲ್ಬುಗಳನ್ನು ಒರೆಸುತ್ತಿದ್ದ, ಹಳೆಯ ಧೋತರದ ಮೆತ್ತನೆಯ ತುಂಡಿನಿಂದ, ಹಸುಗೂಸಿನ ತಲೆ ಒರೆಸುವ ಹಾಗೆ. ಗೋಡೆಗೆ ಕೆನೆಬಣ್ಣ ಬಿಟ್ಟು ಬೇರೆ ಬಳಿಸಲಿಲ್ಲ. ಬಾಗಿಲ ಬಳಿ ಹಗಲು ಮತ್ತು ಬಲ್ಬು ಎರಡೂ ಬೀಳುವಲ್ಲಿ ಮೇಜು ಹಾಕಲು ಬಿಡಲಿಲ್ಲ. ಎರಡು ಬೆಳಕು ಕಲಸಿದರೆ ಸಾಂಬಾರು ಎರಡು ದಿನದ್ದಾಗಿ ಕಾಣುತ್ತದೆ ಎಂಬುದು ಅವನ ಸಿದ್ಧಾಂತ. ಹೊಟ್ಟೆಗಿಂತ ಮೊದಲು ಕಣ್ಣು ಉಣ್ಣಬೇಕು ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಲೋಕಲ್ ರೈಲಿನಲ್ಲಿ ಜೋತು ಬೆಂದು ಬಂದ ನಮ್ಮಂಥವರು ಅಲ್ಲಿನ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ, ಪರವಾಗಿಲ್ಲ, ಇನ್ನೂ ಬದುಕಿದ್ದೇವೆ ಅನಿಸುತ್ತಿತ್ತು.

ಒಂದು ಸಲ ಆ ಬಲ್ಬು ಒಂದು ಮದುವೆಯನ್ನೇ ಕೆಡಿಸುವುದರಲ್ಲಿತ್ತು. ನಮ್ಮ ಕಡೆಯವರದೇ ಒಂದು ಮನೆತನ. ಹುಡುಗಿ ನೋಡುವುದಕ್ಕೆ ಚಾಳಿನ ಖೋಲಿಯಲ್ಲಿ ಜಾಗ ಸಾಲದೆಂದು ಹೋಟೆಲಿನ ಫ್ಯಾಮಿಲಿ ರೂಮನ್ನು ಕೇಳಿದ್ದರು. ಶೀನಣ್ಣ ತಾನೇ ಹುಡುಗಿಯ ಸೋದರಮಾವನ ಹಾಗೆ ಓಡಾಡಿ ಹೊಸ ಬಲ್ಬು ಹಾಕಿಸಿದ. ಹುಡುಗಿ ಬಂದು ಕುಳಿತಳು. ಹುಡುಗನ ಅತ್ತೆ ಒಬ್ಬರು ಅವಳ ಸೀರೆ ನೋಡಿದವರೇ ತಿಂಡಿಯ ತಟ್ಟೆ ದೂರ ಸರಿಸಿ ಎದ್ದುಬಿಟ್ಟರು. ಹೆಣ್ಣು ತೋರಿಸುವ ದಿನ ಕಪ್ಪು ಉಡಿಸುವ ಮನೆ ನಮಗೆ ಬೇಡ ಎಂದರು. ಹುಡುಗಿಯ ತಾಯಿ ಅದು ಕಪ್ಪಲ್ಲ, ನೀಲಿ ಎಂದು ಅಳುವ ದನಿಯಲ್ಲಿ ಹೇಳಿದರೂ ಅತ್ತೆ ಕೇಳಲಿಲ್ಲ. ನನ್ನ ಕಣ್ಣಿಗೇನು ಪೊರೆ ಬಂದಿದೆಯಾ ಎಂದು ತಿರುಗಿಬಿದ್ದರು. ಶೀನಣ್ಣ ಒಳಗೆ ಬಂದವನೇ, "ಅತ್ತೆ, ಒಂದು ನಿಮಿಷ ಹೊರಗೆ ಬನ್ನಿ. ತಪ್ಪು ಸೀರೆಯದ್ದಲ್ಲ, ನನ್ನ ಬಲ್ಬಿನದ್ದು" ಎಂದು ಹುಡುಗಿಯನ್ನೂ ಅತ್ತೆಯನ್ನೂ ಬೀದಿಗೇ ಕರೆದುಕೊಂಡು ಹೋದ. ಬಿಸಿಲಿಗೆ ಹಿಡಿದ ಸೆರಗು ನವಿಲಿನ ಕುತ್ತಿಗೆಯ ಹಾಗೆ ಹೊಳೆಯಿತು. ಮದುವೆ ಆಯಿತು.

ಆ ಸಂಜೆ ಅವನು ಗಲ್ಲದ ಮೇಲೆ ಕುಳಿತು ನನಗೆ ಅದನ್ನು ಬಿಡಿಸಿ ಹೇಳಿದ. ಬಲ್ಬಿನಲ್ಲಿ ಕೆಂಪು ಹಳದಿ ಬೇಕಾದಷ್ಟು. ನೀಲಿ ಎಂಬುದು ಪ್ರಸಾದದಷ್ಟು. ತನ್ನಲ್ಲಿ ಇಲ್ಲದ್ದನ್ನು ಅದು ಹೇಗೆ ತೋರಿಸೀತು? ಅದಕ್ಕೆ ನೀಲಿಯೆಲ್ಲ ಕಪ್ಪು. ಒಂದು ಬಣ್ಣದ ಮಟ್ಟಿಗೆ ಬಲ್ಬು ಕುರುಡು ಎಂದು ಅವನು ನಗುತ್ತಲೇ ಒಪ್ಪಿಕೊಂಡ. ಹಾಗಾದರೆ ಹಳದಿಯ ಗತಿ ಏನು ಎಂದು ಅವನೂ ಯೋಚಿಸಲಿಲ್ಲ, ಕೇಳುವವರೂ ಇರಲಿಲ್ಲ.

ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಹಿಂದಿನ ಗೋಡೆಯ ಆಚೆ ಒಂದು ಗಟಾರದ ಓಣಿ, ಅದರಾಚೆ ಆಕಾಶ. ಆ ಗೋಡೆಗೆ ಒಂದು ಕಿಟಕಿ ಒಡೆಸು ಎಂದು ಗಿರಿಯಣ್ಣ ವರ್ಷಗಟ್ಟಲೆ ಕೇಳಿದ್ದ. ಬೆಳಕು ಹರಿಯುವ ಮೊದಲೇ ಅಟ್ಟದಿಂದ ಇಳಿದು ಒಲೆ ಹಚ್ಚುವವನು, ಅಂಗಡಿ ಮುಚ್ಚಿದ ಮೇಲೆ ಅದೇ ಅಟ್ಟ ಹತ್ತುವವನು. ಮಳೆ ಬಂತೋ ಬಿಸಿಲೋ ಎಂಬುದನ್ನು ಸಪ್ಲೈಯರುಗಳ ಅಂಗಿ ನೋಡಿ ತಿಳಿಯಬೇಕು ಎನ್ನುತ್ತಿದ್ದ. ಶೀನಣ್ಣ ಜಾಗದ ಮಾಲೀಕ ಸೇಠನ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದ. ಗೋಡೆ ಮುಟ್ಟಿದರೆ ಜಾಗ ಬಿಡಬೇಕೆಂದು ಕರಾರಿನಲ್ಲೇ ಇತ್ತು, ಅದು ನಿಜ. ಆದರೆ ನಿಜವಾದ ಕಾರಣ ಬೇರೆ. ಅಡಿಗೆಮನೆಯ ಬಾಗಿಲಿನಿಂದ ಹಗಲು ನುಗ್ಗಿದರೆ ಊಟದ ಹಜಾರದಲ್ಲಿ ಅವನು ಕಟ್ಟಿದ ಬಣ್ಣ ಕಲಸಿಹೋಗುತ್ತಿತ್ತು. ಗಿರಿಯಣ್ಣ ಗೊಣಗಿದಾಗಲೆಲ್ಲ ಶೀನಣ್ಣನ ಬಾಯಲ್ಲಿ ಒಂದು ಗಾದೆ ಸಿದ್ಧವಾಗಿರುತ್ತಿತ್ತು: "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿನಗೆ ನಾನು ಮಾಡಿದ್ದೆಲ್ಲ ತಪ್ಪು."

"ಹೌದು ದಣಿ," ಎನ್ನುತ್ತಿದ್ದ ಗಿರಿಯಣ್ಣ. ಬೈಯಬೇಕೆನಿಸಿದಾಗ ಮಾತ್ರ ಅವನು ಶೀನಣ್ಣನನ್ನು ದಣಿ ಎಂದು ಕರೆಯುತ್ತಿದ್ದುದು.

ಎಪ್ಪತ್ತರ ದಶಕ ಶುರುವಾದ ಮೇಲಿನ ಒಂದು ಮಳೆಗಾಲ. ಚೌತಿ ಹತ್ತಿರ ಬಂದಿತ್ತು. ಗಿರಿಯಣ್ಣನಿಗೆ ಊಟ ಸೇರದಾಯಿತು. ಎಣ್ಣೆ ಕಾದರೆ ಮುಖ ತಿರುಗಿಸುತ್ತಿದ್ದ. ಜೀವಮಾನವೆಲ್ಲ ಎಣ್ಣೆಯ ಮುಂದೆ ನಿಂತವನಿಗೆ ಎಣ್ಣೆಯ ವಾಸನೆಯೇ ಆಗದು! ಪಿತ್ತ ಇರಬೇಕು ಎಂದರು ಎಲ್ಲರೂ. ಶೀನಣ್ಣ ಪುನರ್ಪುಳಿಯ ಪಾನಕ ಮಾಡಿಸಿ ಕುಡಿಸಿದ, ಚೌತಿಯ ಲಡ್ಡಿನ ಆರ್ಡರು ಮುಗಿದ ಮೇಲೆ ಊರಿಗೆ ಹೋಗಿ ಬಾ ಎಂದ. ದಿನವೂ ಅವನನ್ನು ಬಲ್ಬಿನ ಕೆಳಗೆ ನಿಲ್ಲಿಸಿ ಮುಖ ನೋಡುತ್ತಿದ್ದ. ನೋಡಿ ಸಮಾಧಾನ ಪಡುತ್ತಿದ್ದ.

"ಎಂತ ಕಾಯಿಲೆ ಮಾರಾಯ ನಿನಗೆ? ಮೈ ಬಂಗಾರದ ಹಾಗೆ ಹೊಳೆಯುತ್ತಾ ಉಂಟು. ಮದುಮಗನ ಕಳೆ."

ಗಿರಿಯಣ್ಣ ನಕ್ಕ. ನಾವೂ ನಕ್ಕೆವು. ಹಾಗೇ ಕಾಣುತ್ತಿದ್ದ ಅವನು, ನಿಜವಾಗಿ ಹಾಗೇ ಕಾಣುತ್ತಿದ್ದ.

ಹಿಂದಿನ ಓಣಿಯಲ್ಲಿ ಒಂದು ಬಿಲ್ಡಿಂಗು ಏಳುತ್ತಿತ್ತು. ಅಲ್ಲಿ ಸಿಮೆಂಟು ಹೊರುವ ಯಲ್ಲವ್ವ, ಬಿಜಾಪುರದ ಕಡೆಯವಳು, ಮಧ್ಯಾಹ್ನ ನಮ್ಮ ಹೋಟೆಲಿನ ಮುಂದೆ ಕೊಡ ಇಟ್ಟುಕೊಂಡು ನೀರಿಗೆ ಕಾಯುತ್ತಿದ್ದಳು. ಒಂದು ದಿನ ನೀರು ಕೊಡಬೇಕಾದ ಸಪ್ಲೈಯರ್ ಇಲ್ಲದೆ ಗಿರಿಯಣ್ಣನೇ ಬಕೆಟ್ಟು ಹಿಡಿದು ಬೀದಿಗೆ ಬಂದ. ಮಳೆ ನಿಂತು ಬಿಸಿಲು ಬಿದ್ದಿತ್ತು. ಊಟ ಮುಗಿಸಿದ ನಾನು ಪಕ್ಕದ ಪಾನ್ ಅಂಗಡಿಯ ಮುಂದೆ ನಿಂತಿದ್ದೆ. ಯಲ್ಲವ್ವ ಕೊಡ ಒಡ್ಡಿದವಳು ಅವನ ಮುಖ ನೋಡಿ ಕೊಡ ಹಿಂದಕ್ಕೆ ಎಳೆದುಕೊಂಡಳು.

"ಯಣ್ಣಾ, ನಿನ್ನ ಕಣ್ಣ ನೋಡ್ಕೊಂಡೀಯೇನ? ಅರಿಷಿಣದಾಗ ಅದ್ದಿದಂಗ ಆಗ್ಯಾವಲ್ಲೋ. ನಿನಗ ಹೇಳವರು ಯಾರೂ ಇಲ್ಲೇನ ಒಳಗ?"

ಗಲ್ಲದಿಂದ ಶೀನಣ್ಣ ಎದ್ದು ಬಂದ. ಗಿರಿಯಣ್ಣನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ಎತ್ತಿದ. ಸೀರೆಯ ಸೆರಗನ್ನು ಹಿಡಿದ ಕೈ ಅದು. ಕಣ್ಣಿನ ಬಿಳಿ ಎಂಬುದೇ ಇರಲಿಲ್ಲ. ಕತ್ತು, ಅಂಗೈ, ಉಗುರು, ಎಲ್ಲ ಮಾಗಿದ ನಿಂಬೆಯ ಬಣ್ಣ. ಶೀನಣ್ಣ ಅವನನ್ನು ಒಂದು ಹೆಜ್ಜೆ ಒಳಗೆ ಎಳೆದು ಬಲ್ಬಿನ ಕೆಳಗೆ ನೋಡಿದ: ಮದುಮಗ. ಮತ್ತೆ ಹೊರಗೆ ಎಳೆದು ನೋಡಿದ. ಟ್ಯಾಕ್ಸಿ ಕೂಗಿದ.

ಆಸ್ಪತ್ರೆಯಲ್ಲಿ ಡಾಕ್ಟರು ಗಿರಿಯಣ್ಣನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ಇದು ಇವತ್ತು ನಿನ್ನೆಯದಲ್ಲ ಎಂದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, ಬೈಯುವ ದನಿಯಲ್ಲೂ ಅಲ್ಲ, ಸುಮ್ಮನೆ ತಿಳಿದುಕೊಳ್ಳುವ ದನಿಯಲ್ಲಿ, "ಘರ್ ಮೇ ಕೋಈ ಇಸ್ಕೋ ದೇಖ್ತಾ ನಹೀ ಥಾ ಕ್ಯಾ?" ಎಂದು ಕೇಳಿದರು. ದಿನವೂ ನೋಡುತ್ತಿದ್ದೆ ಎಂದು ಶೀನಣ್ಣ ಹೇಗೆ ಹೇಳುವುದು?

ಬೇಗ ಬಂದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರೂ ಹಾಗೆಂದು ಹೇಳಲಿಲ್ಲ. ಯಕೃತ್ತು ಕೆಟ್ಟಿದೆ, ದೇವರ ಮೇಲೆ ಭಾರ ಹಾಕಿ ಎಂದರು ಅಷ್ಟೆ. ಕಾಮಾಲೆಯ ಮದ್ದಿಗೆ ಊರಿನಿಂದ ನೆಲನೆಲ್ಲಿ ತರಿಸುವ ಮಾತು ನಡೆಯುತ್ತಿರುವಾಗಲೇ ಗಿರಿಯಣ್ಣನಿಗೆ ಪ್ರಜ್ಞೆ ತಪ್ಪಿತು. ಅದಕ್ಕೆ ಮೊದಲು ಒಮ್ಮೆ, ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ, ಇಲ್ಲಿ ಒಳ್ಳೆ ಗಾಳಿ ಬೆಳಕು ಉಂಟು ಎಂದಿದ್ದ. ಚುಚ್ಚಲಿಕ್ಕೆ ಹೇಳಿದ್ದಲ್ಲ. ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಶೀನಣ್ಣ ಅಲ್ಲಿಂದ ಎದ್ದು ಆಸ್ಪತ್ರೆಯ ಜಗಲಿಗೆ ಬಂದು ಕಂಬ ಹಿಡಿದು ನಿಂತ. ನಾನು ಹಿಂದೆ ಹೋದೆ. ನನ್ನ ಕಡೆ ನೋಡದೆ ಹೇಳಿದ:

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಗಾದೆ ಮಾಡಿದ್ದಾರೆ, ಕ್ಲಾರ್ಕ್ ಮಾರಾಯ್ರೆ. ಕಂಡದ್ದನ್ನೆಲ್ಲ ಹಳದಿ ಮಾಡಿ ಇಟ್ಟವನಿಗೆ ಕಾಮಾಲೆ ಕಾಣುವುದಿಲ್ಲ ಅಂತ ಯಾಕೆ ಮಾಡಲಿಲ್ಲ?"

ಮೂರನೆಯ ದಿನ ಗಿರಿಯಣ್ಣ ಹೋದ.

ಉತ್ತರಕ್ರಿಯೆಯ ಕೆಲಸಗಳಿಗೆಂದು ಊರಿನಿಂದ ಗಿರಿಯಣ್ಣನ ತಮ್ಮ ಸದಾಶಿವ ಬಂದ. ಮಾತು ಕಡಿಮೆಯ ಮನುಷ್ಯ. ಎಲ್ಲ ಮುಗಿದು ಹೊರಡುವ ದಿನ, ಅಣ್ಣ ನಿಲ್ಲುತ್ತಿದ್ದ ಜಾಗ ನೋಡಬೇಕೆಂದ. ಶೀನಣ್ಣ ಅಡಿಗೆಮನೆಗೆ ಕರೆದುಕೊಂಡು ಹೋದ. ಸದಾಶಿವ ಒಲೆ ನೋಡಿದ, ಮಸಿ ಹಿಡಿದ ಸೂರು ನೋಡಿದ, ನಾಲ್ಕೂ ಗೋಡೆಗಳನ್ನು ಸುತ್ತ ತಿರುಗಿ ನೋಡಿದ. "ಇಲ್ಲಿಗೆ ಹಗಲು ಬರುವುದು ಯಾವ ಕಡೆಯಿಂದ?" ಎಂದು ಕೇಳಿದ. ಕಿಟಕಿ ತನ್ನ ಕಣ್ಣಿಗೆ ಬಿದ್ದಿಲ್ಲವೆಂದೇ ಅವನು ತಿಳಿದುಕೊಂಡಿದ್ದ.

ಮರುದಿನ ಬೆಳಗ್ಗೆ, ತಿಂಡಿಯ ಗಿರಾಕಿಗಳು ಕೂತಿರುವಾಗಲೇ, ಶೀನಣ್ಣ ಹಾರೆ ತಂದು ಹಿಂದಿನ ಗೋಡೆಗೆ ಹೊಡೆದ. ಪಂಚೆ ಎತ್ತಿ ಕಟ್ಟಿದ್ದ. ಸೇಠನನ್ನು ಕೇಳಿ ಮಾಡೋಣ ಎಂದು ನಾನು ಕೈ ಹಿಡಿದದ್ದಕ್ಕೆ, "ನೀನು ಆಫೀಸಿಗೆ ಹೋಗು ಕ್ಲಾರ್ಕ್" ಎಂದ. ಸದ್ದು ಕೇಳಿ ಓಣಿಯ ಆಚೆಯಿಂದ ಯಲ್ಲವ್ವ ಬಂದಳು. ಹೊರಗೆ ಬಿದ್ದ ಇಟ್ಟಿಗೆಗಳನ್ನು ಬುಟ್ಟಿಗೆ ತುಂಬಿ ಬದಿಗೆ ಹಾಕುತ್ತ ಹೋದಳು.

ಹಗಲು ಒಳಗೆ ಬಂತು. ಅಡಿಗೆಮನೆ ದಾಟಿ ಹಜಾರದ ಅರ್ಧದವರೆಗೂ ಬಂತು. ಕೆನೆಬಣ್ಣದ ಗೋಡೆಯ ಮೇಲೆ ವರ್ಷಗಳ ಎಣ್ಣೆಯ ಕಲೆ ಕಂಡಿತು, ಮೇಜುಗಳ ಸಂದಿನ ಕೊಳೆ ಕಂಡಿತು, ನಮ್ಮ ನಮ್ಮ ಕಣ್ಣಿನ ಕೆಳಗಿನ ಕಪ್ಪು ಕಂಡಿತು. ಗಿರಾಕಿಗಳಲ್ಲಿ ಕೆಲವರು ಎದುರಿನ ಹೋಟೆಲಿಗೆ ಹೋಗತೊಡಗಿದರು. ಶೀನಣ್ಣ ಬಲ್ಬು ಒರೆಸುವುದನ್ನು ಬಿಟ್ಟ. ಬೆಳಗ್ಗೆ ಹೂ ಇಡುವ ಮೊದಲು ಕೆಲಸದವರನ್ನೆಲ್ಲ ಆ ಕಿಂಡಿಯ ಮುಂದೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ರೆಪ್ಪೆ ಎಳೆದು ಕಣ್ಣು ನೋಡುತ್ತಿದ್ದ. ಹುಡುಗರು ಹಿಂದಿನಿಂದ 'ಡಾಕ್ಟರ್ ದಣಿ' ಎಂದು ನಗುತ್ತಿದ್ದರು. ಕೇಳಿದರೂ ಕೇಳದ ಹಾಗೆ ಇದ್ದ.

ಸೇಠ್ ಬಹಳ ದಿನದಿಂದ ಕಾಯುತ್ತಿದ್ದವನು. ಅಂಧೇರಿಯಲ್ಲಿ ಜಾಗದ ಬೆಲೆ ಏರುತ್ತಿತ್ತು. ಗೋಡೆ ಒಡೆದದ್ದು ಅವನಿಗೆ ತಾಂಬೂಲ ಕೊಟ್ಟು ಕರೆದ ಹಾಗಾಯಿತು. ನೋಟೀಸು ಬಂತು, ಕೋರ್ಟಿಗೆ ಹೋಯಿತು. ವಕೀಲರು ಶೀನಣ್ಣನಿಗೆ ಒಂದು ದಾರಿ ಹೇಳಿಕೊಟ್ಟರು: ಗೋಡೆ ಹಳೆಯದು, ಮಳೆಗೆ ತಾನಾಗಿ ಕುಸಿಯಿತು, ಈಗ ಮುಚ್ಚಿಕೊಡುತ್ತೇನೆ ಎಂದರೆ ಸಾಕು. ಶೀನಣ್ಣ ಕಟಕಟೆಯಲ್ಲಿ ನಿಂತು, ನಾನೇ ಒಡೆದದ್ದು, ಮುಚ್ಚುವುದಿಲ್ಲ ಎಂದ. ವಕೀಲರು ತಲೆ ಚಚ್ಚಿಕೊಂಡರು. ಹೀಗೆ ಇಬ್ಬರು ಸೇರಿ ಹಿಡಿದ ಜಾಗ ಕೈಬಿಟ್ಟಿತು.

ಆಮೇಲೆ ಅವನು ದಹಿಸರಿನಲ್ಲಿ ತಂಗಿಯ ಮನೆ ಸೇರಿದ. ಬಾಂದ್ರಾದ ಒಂದು ದೊಡ್ಡ ಹೋಟೆಲಿನಲ್ಲಿ ಇನ್ನೊಬ್ಬರ ಗಲ್ಲಕ್ಕೆ ಕುಳಿತ. ಅಲ್ಲಿ ಮೇಲೆಲ್ಲ ಟ್ಯೂಬ್‌ಲೈಟು. ಒಮ್ಮೆ ಹೋಗಿದ್ದೆ. ಆ ಬೆಳಕಿನಲ್ಲಿ ಅವನ ಮುಖ ಬೂದಿ ಬಳಿದ ಹಾಗಿತ್ತು. ನನ್ನನ್ನು ಕಂಡು ಎದ್ದು ಬಂದ. ಹೇಗಿದ್ದೀರಿ ಎಂದು ಕೇಳುವ ಮೊದಲು ನನ್ನ ಮುಖವನ್ನು ಬಾಗಿಲ ಬಿಸಿಲಿಗೆ ತಿರುಗಿಸಿ ಕಣ್ಣು ನೋಡಿದ. ಆಮೇಲೆ, ಇಲ್ಲಿ ಗಿರಾಕಿಗಳು ಬೇಗ ತಿಂದು ಬೇಗ ಏಳುತ್ತಾರೆ, ದಣಿಗಳಿಗೆ ಲಾಭ ಎಂದ. ತನ್ನ ಸಿದ್ಧಾಂತವೆಲ್ಲ ಎಷ್ಟು ಪೊಳ್ಳು ನೋಡಿ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಅದನ್ನೇ ಹೇಳಿದ್ದು.

ನಮ್ಮ ಹಳೆಯ ಜಾಗವನ್ನು ಸೇಠ್ ಇನ್ನೊಬ್ಬರಿಗೆ ಕೊಟ್ಟ. ಅವರೂ ನಮ್ಮ ಕಡೆಯವರೇ, ಹೋಟೆಲೇ ತೆರೆದರು. ಹಿಂದಿನ ಕಿಟಕಿಗೆ ಇಟ್ಟಿಗೆ ಇಟ್ಟು ಗಿಲಾವು ಮಾಡಿಸಿ, ಅಲ್ಲಿ ಎಣ್ಣೆ ಡಬ್ಬಗಳ ಕಪಾಟು ನಿಲ್ಲಿಸಿದರು. ಒಲೆಯ ಮೇಲೆ ಹಳೆಯ ಬಲ್ಬೇ ಉಳಿಯಿತು. ಅಡಿಗೆಗೆ ಊರಿನಿಂದ ಒಬ್ಬನನ್ನು ಕರೆಸಿದರು. ಸದಾಶಿವ. ಅಣ್ಣನಿಲ್ಲದೆ ಮನೆ ನಡೆಯಬೇಕಲ್ಲ.

ಈ ಸುದ್ದಿ ಕೇಳಿದ ವಾರದಿಂದ ಶೀನಣ್ಣ ಪ್ರತಿ ಭಾನುವಾರ ಬೆಳಗ್ಗೆ ದಹಿಸರಿನಿಂದ ಲೋಕಲ್ ಹಿಡಿದು ಅಂಧೇರಿಗೆ ಬರತೊಡಗಿದ. ಹೋಟೆಲಿನ ಮೆಟ್ಟಿಲು ತುಳಿಯುತ್ತಿರಲಿಲ್ಲ. ಬೀದಿಯಲ್ಲಿ ನಿಂತು ಸದಾಶಿವನನ್ನು ಹೊರಗೆ ಕರೆಸುತ್ತಿದ್ದ. ಅವನ ಮುಖವನ್ನು ಬಿಸಿಲಿಗೆ ಎತ್ತಿ ಎರಡು ಕಣ್ಣನ್ನೂ ನೋಡಿ, "ಹೂಂ, ಹೋಗು" ಎನ್ನುತ್ತಿದ್ದ. ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲ. ಮುಂದಿನ ಗಾಡಿಗೆ ಹೊರಟುಬಿಡುತ್ತಿದ್ದ. ಮಳೆಗಾಲದಲ್ಲಿ ಮೋಡ ಸರಿಯುವ ತನಕ ಪಾನ್ ಅಂಗಡಿಯ ತಗಡಿನ ಕೆಳಗೆ ಕಾಯುತ್ತಿದ್ದುದೂ ಉಂಟು. ಸದಾಶಿವನಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು; ಆಮೇಲೆ ಕರೆಯುವ ಮೊದಲೇ ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದ.

ಶೀನಣ್ಣ ತೀರಿಕೊಂಡದ್ದು ಒಂದು ಶನಿವಾರ ಸಂಜೆ, ದಹಿಸರಿನಲ್ಲಿ, ಕೂತಲ್ಲೇ. ಅಂಧೇರಿಗೆ ಸುದ್ದಿ ಮುಟ್ಟಿದ್ದು ಸೋಮವಾರ. ನಡುವಿನ ಭಾನುವಾರ ಬೆಳಗ್ಗೆ ಸದಾಶಿವ ಎಂದಿನಂತೆ ಬೀದಿಗೆ ಬಂದು ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಒಳಗಿನಿಂದ ಕರೆದರು, ಹೋದ.